ಡಬ್ಬಿ ಒಲೆ: ಸ್ಪಿರಿಟ್ಟಿಗೊಂದು, ಗೆರಟೆಗೊಂದು

ಖಾಲಿ ಸೋಡಾ ಕ್ಯಾನ್ ಕತ್ತರಿಸಿ ಒಲೆ ಮಾಡುವುದನ್ನು ತೋರಿಸುವ ವಿಡಿಯೋಗಳಿಗೆ ಬರವಿಲ್ಲ. ಜಗಲಿಯ ಮೇಲೆ ಕೂತು ಹಚ್ಚಿದರೆ ಅಂಥ ಒಲೆಗಳೆಲ್ಲ ಚೆಂದವಾಗಿಯೇ ಉರಿಯುತ್ತವೆ. ಅದನ್ನೇ ಮಧ್ಯಾಹ್ನ ಮೂರು ಗಂಟೆಗೆ ಗೋಕರ್ಣದ ಕುಡ್ಲೆ ತೀರದಲ್ಲೋ ಕಾರವಾರದ ಆಚೆ ಮಾಜಾಳಿಯಲ್ಲೋ ಹಚ್ಚಿದರೆ 30 ಮಿಲಿ ಸ್ಪಿರಿಟ್ ಖಾಲಿಯಾದ ಮೇಲೂ ಪಾತ್ರೆಯ ನೀರಿಗೆ ಧಾರಾಳವಾಗಿ ಕೈ ಅದ್ದಬಹುದು. ಜನ ಆಗ ಒಲೆಯನ್ನು ಬೈಯುತ್ತಾರೆ, ತೂತುಗಳ ಲೆಕ್ಕ ತಪ್ಪಿತೆಂದು ಇನ್ನೊಂದು ಕ್ಯಾನ್ ಕೊಯ್ಯುತ್ತಾರೆ. ಕಡಲ ಬದಿಯಲ್ಲಿ ಅಡುಗೆ ಮಾಡುವವರು ಮೊದಲು ಗಾಳಿಯ ಲೆಕ್ಕ ಹಾಕಬೇಕು. ಒಲೆಯ ಮಾತು ಆಮೇಲೆ.

ಇಲ್ಲಿ ಹೇಳುವುದು ಮೂರು ಒಲೆಗಳ ಬಗ್ಗೆ. ಎರಡು ಸ್ಪಿರಿಟ್‌ನವು, ಒಂದು ಕಟ್ಟಿಗೆ ಮತ್ತು ಗೆರಟೆಯದು, ಅಂದರೆ ತೆಂಗಿನ ಚಿಪ್ಪಿನದು. ಮೂರಕ್ಕೂ ಬೇಕಾದ ಸಾಮಾನು ಗುಜರಿ ಅಂಗಡಿ, ಹಾರ್ಡ್‌ವೇರ್ ಅಂಗಡಿ ಮತ್ತು ಅಡುಗೆಮನೆಯಲ್ಲೇ ಸಿಗುತ್ತದೆ. ಗೋವಾ ಗಡಿ ಹತ್ತಿರವಿರುವ ಕಾರವಾರದಲ್ಲಂತೂ ಬಿಯರ್ ಕ್ಯಾನ್ ಹುಡುಕಿಕೊಂಡು ಹೋಗಬೇಕಾದ್ದಿಲ್ಲ.

ಸ್ಪಿರಿಟ್ ಎಂದು ಕೊಟ್ಟದ್ದೆಲ್ಲ ಸ್ಪಿರಿಟ್ ಆಗಿರುವುದಿಲ್ಲ

ಬೇಕಾದ್ದು ಡಿನೇಚರ್ಡ್ ಸ್ಪಿರಿಟ್, ಅಂದರೆ ಕುಡಿಯಲು ಬಾರದಂತೆ ಮಾಡಿದ ಆಲ್ಕೋಹಾಲ್. ಫ್ರೆಂಚ್ ಪಾಲಿಶ್‌ಗೆ ಅರಗು ಕರಗಿಸಲು ಬಡಗಿಗಳು ಒಯ್ಯುವುದು ಇದನ್ನೇ, ಹಾಗಾಗಿ ಬಣ್ಣದ ಅಂಗಡಿಯಲ್ಲಿ ಕೇಳಬೇಕು. ಅಬಕಾರಿ ನಿಯಮಕ್ಕೆ ಒಳಪಟ್ಟ ಸರಕಾದ್ದರಿಂದ ಎಲ್ಲ ಅಂಗಡಿಯವರೂ ಇಡುವುದಿಲ್ಲ. "ಸ್ಪಿರಿಟ್ ಕೊಡಿ" ಎಂದಷ್ಟೇ ಹೇಳಿದರೆ ಥಿನ್ನರ್ ಕೈಗೆ ಬರುವ ಸಾಧ್ಯತೆಯೂ ಉಂಟು. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ ಈ ಒಲೆಗಳಿಗೆ ಯಾವ ಕಾರಣಕ್ಕೂ ಹಾಕಬಾರದು. ಮೊದಲಿನೆರಡು ಭುಗಿಲೆದ್ದು ಮುಖ ಸುಡುತ್ತವೆ, ಮೂರನೆಯದು ಬತ್ತಿಯಿಲ್ಲದೆ ಹೊಗೆಯುಗುಳುತ್ತ ಮಸಿ ಹಿಡಿಸುತ್ತದೆ.

ಪರೀಕ್ಷೆ ಸುಲಭ. ಮನೆಯ ಹೊರಗೆ, ಗಾಳಿ ಇಲ್ಲದ ಕಡೆ, ಸ್ಟೀಲ್ ತಟ್ಟೆಗೆ ಒಂದು ಚಮಚ ಹಾಕಿ ಉದ್ದನೆಯ ಕಡ್ಡಿಯಿಂದ ಹಚ್ಚಿ, ಜ್ವಾಲೆಯ ಮೇಲೆ ಇಕ್ಕಳದಲ್ಲಿ ಇನ್ನೊಂದು ಚಮಚ ಹಿಡಿಯಿರಿ. ನೀಲಿ ಜ್ವಾಲೆ ಬಂದು ಚಮಚ ಸ್ವಚ್ಛವಾಗಿ ಉಳಿದರೆ ಸರಿಯಾದ ಮಾಲು. ಹಳದಿ ಜ್ವಾಲೆ ಎದ್ದು ಚಮಚ ಕಪ್ಪಾದರೆ ಅದು ಥಿನ್ನರ್ ಅಥವಾ ಬೆರಕೆ. ಆರಿದ ಮೇಲೆ ತಟ್ಟೆಯಲ್ಲಿ ನೀರು ಉಳಿದಿದ್ದರೆ ನೀರು ಹಾಕಿದ್ದಾರೆ. ಸ್ಯಾನಿಟೈಸರ್ ಉರಿದರೂ ಹೀಗೇ ಆಗುತ್ತದೆ: ಅದರಲ್ಲಿ ಶೇ. 70ರಷ್ಟು ಆಲ್ಕೋಹಾಲ್ ಇದ್ದರೂ ಉಳಿದದ್ದು ನೀರು, ಗ್ಲಿಸರಿನ್. ಸ್ವಲ್ಪ ಶಾಖ ಆ ನೀರನ್ನು ಕಾಯಿಸುವುದಕ್ಕೇ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಉರಿಯುತ್ತದೆ, ಆದರೆ ಮಸಿ ಹಿಡಿಸಿ ಪಾತ್ರೆಯ ತಳವನ್ನು ಕಾವಲಿ ಮಾಡಿಬಿಡುತ್ತದೆ.

ಡಿನೇಚರ್ಡ್ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು, ಅದು ಕಣ್ಣು ಕಳೆಯುವ ವಿಷ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ರಾತ್ರಿ ಬಾಯಾರಿದವನು ಬಾಟಲಿಯ ಚೀಟಿ ಓದುವುದಿಲ್ಲ. ಕೆಮ್ಮಿನ ಸಿರಪ್ಪಿನ 100 ಅಥವಾ 200 ಮಿಲಿಯ ಪ್ಲಾಸ್ಟಿಕ್ ಬಾಟಲಿ ಇದಕ್ಕೆ ಹೇಳಿ ಮಾಡಿಸಿದ್ದು. ಜೊತೆಗೆ ಬರುವ ಅಳತೆಯ ಮುಚ್ಚಳದಲ್ಲಿ 5, 10, 15 ಮಿಲಿ ಗೆರೆ ಇರುತ್ತದೆ, ಬೇರೆ ಮಾಪು ಬೇಕಾಗುವುದಿಲ್ಲ. ಹಳೆಯ ಚೀಟಿ ಕಿತ್ತು, "ಸ್ಪಿರಿಟ್, ವಿಷ" ಎಂದು ಬರೆದು, ಮೇಲೊಂದು ಕೆಂಪು ಟೇಪು ಸುತ್ತಿಬಿಡಿ.

ಎಷ್ಟು ಬೇಕು ಎನ್ನುವುದಕ್ಕೆ ಸರಳ ಲೆಕ್ಕವಿದೆ. ಕರಾವಳಿಯಲ್ಲಿ ನೀರು 27 ಡಿಗ್ರಿಯ ಆಸುಪಾಸು ಇರುತ್ತದೆ ಎಂದುಕೊಳ್ಳಿ. ಒಂದು ಲೀಟರ್ ನೀರನ್ನು ಅಲ್ಲಿಂದ 100ಕ್ಕೆ ಏರಿಸಲು 305 ಕಿಲೋಜೂಲ್ ಬೇಕು. ಒಂದು ಮಿಲಿ ಸ್ಪಿರಿಟ್ ಸುಮಾರು 20 ಕಿಲೋಜೂಲ್ ಕೊಡುತ್ತದೆ. ಒಲೆಯ ಶಾಖದಲ್ಲಿ ಅರ್ಧ ಪಾತ್ರೆಗೆ ಸೇರಿದರೆ ಲೀಟರಿಗೆ 30 ಮಿಲಿ, ಅರ್ಧ ಲೀಟರಿಗೆ 15 ಮಿಲಿ ಸಾಕು. ಗಾಳಿಗೆ ಅಡ್ಡವಿಡುವ ಮರೆ ಮತ್ತು ಪಾತ್ರೆಯ ಮುಚ್ಚಳ ಎರಡೂ ಸರಿಯಿದ್ದರೆ ಈ ಅರ್ಧ ದಕ್ಕುತ್ತದೆ, ಇಲ್ಲದಿದ್ದರೆ ಕಾಲು ಭಾಗವೂ ದಕ್ಕುವುದಿಲ್ಲ. ಎರಡು ಹೊತ್ತು ಚಾ, ಒಂದು ಹೊತ್ತು ಬಿಸಿ ಊಟ ಎಂದರೆ ಒಬ್ಬರಿಗೆ ದಿನಕ್ಕೆ 60ರಿಂದ 70 ಮಿಲಿ ಇಟ್ಟುಕೊಳ್ಳಿ.

ಇನ್ನೊಂದು ಸಂಗತಿ ಬಹಳ ಜನರಿಗೆ ನೆನಪಿರುವುದಿಲ್ಲ. ಕೊಂಕಣ ರೈಲಿನಲ್ಲಿ ಕುಮಟಾಕ್ಕೋ ಗೋಕರ್ಣ ರೋಡಿಗೋ ಬರುವವರು ಚೀಲದಲ್ಲಿ ಸ್ಪಿರಿಟ್ ತರುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನ ಪ್ರಕಾರ ಅಪಾಯಕಾರಿ ವಸ್ತು ಒಯ್ದರೆ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಬಸ್ಸಿಗೂ ಇಂಥದ್ದನ್ನು ಹತ್ತಿಸಬಾರದು. ಇಳಿದ ಊರಿನಲ್ಲೇ ಕೊಳ್ಳಬೇಕು, ಅಥವಾ ಕೆಳಗೆ ಹೇಳುವ ಗೆರಟೆ ಒಲೆ ಒಯ್ಯಬೇಕು.

ಪಾಲಿಶ್ ಡಬ್ಬಿಯ ಒಲೆ

ಹೊಸದಾಗಿ ಕೈ ಹಾಕುವವರು ಇದರಿಂದಲೇ ಶುರು ಮಾಡುವುದು ಒಳ್ಳೆಯದು. 40 ಗ್ರಾಮಿನ ಬೂಟ್ ಪಾಲಿಶ್ ಡಬ್ಬಿ ಬೇಕು, ತಗಡಿನದು. ಬಿಸಿನೀರು, ಸೋಪು ಹಾಕಿ ಉಜ್ಜಿ ಮೇಣದ ಅಂಶ ಪೂರ್ತಿ ತೆಗೆಯಿರಿ. ಸಸಿ ಮಾಡುವ ನರ್ಸರಿಗಳಲ್ಲಿ ಸಿಗುವ ಬಿಳಿ ಪರ್ಲೈಟನ್ನು ಡಬ್ಬಿಯ ಕಂಠದವರೆಗೆ ತುಂಬಿ. ಹಳೆಯ ಚಾ ಸೋಸುವ ಸ್ಟೀಲ್ ಜಾಲರಿಯನ್ನು ಡಬ್ಬಿಯ ಒಳಅಳತೆಗಿಂತ ಎರಡು ಮಿಲಿಮೀಟರ್ ದೊಡ್ಡದಾಗಿ ದುಂಡಗೆ ಕತ್ತರಿಸಿ ಮೇಲಿಂದ ಒತ್ತಿ ಕೂರಿಸಿ. ಒಲೆ ಮುಗಿಯಿತು.

ಪರ್ಲೈಟ್ ಸಿಗದಿದ್ದರೆ ಗಾಜಿನ ಉಣ್ಣೆ ಆಗುತ್ತದೆ, ಕೈಗವಸು ಹಾಕಿಕೊಳ್ಳಬೇಕು. ಹತ್ತಿ ಹಾಕಿದರೆ ಸ್ಪಿರಿಟ್ ಇರುವಷ್ಟು ಹೊತ್ತು ಸುಮ್ಮನಿದ್ದು, ಕೊನೆಗೆ ಕರಕಲಾಗಿ ಮುಂದಿನ ಸಲಕ್ಕೆ ಹೀರುವ ಶಕ್ತಿ ಕಳೆದುಕೊಳ್ಳುತ್ತದೆ. ಸಣ್ಣ ಮರಳೂ ನಡೆಯುತ್ತದೆ, ಭಾರವಷ್ಟೇ. ಕಡಲ ಮರಳಾದರೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಹಾಕಬೇಕು, ಉಪ್ಪು ತಗಡನ್ನು ತಿನ್ನುತ್ತದೆ.

ಇದರ ಗುಣ ಎಂದರೆ ಕಾಲು ತಾಗಿ ಉರುಳಿದರೂ ಉರಿಯುವ ಸ್ಪಿರಿಟ್ ಹೊಳೆಯಾಗಿ ಹರಿಯುವುದಿಲ್ಲ. ಹೀರಿಕೊಂಡದ್ದಕ್ಕಿಂತ ಹೆಚ್ಚು ಹಾಕಿರಬಾರದು ಅಷ್ಟೇ: ಜಾಲರಿಯ ಮೇಲೆ ಪಸೆ ಹೊಳೆದರೆ ಹೆಚ್ಚಾಯಿತು. ಉರಿ ನಿಧಾನ. ಅರ್ಧ ಲೀಟರ್ ಕುದಿಯಲು ಕ್ಯಾನ್ ಒಲೆಯ ಎರಡರಷ್ಟು ಹೊತ್ತು ಹಿಡಿಯುತ್ತದೆ. ಉಪ್ಪಿಟ್ಟು, ಅವಲಕ್ಕಿ ಒಗ್ಗರಣೆಯಂಥ ಸಣ್ಣ ಉರಿಯ ಕೆಲಸಕ್ಕೆ ಇದೇ ಸರಿ. ಡಬ್ಬಿಯ ಮುಚ್ಚಳವನ್ನು ಇಕ್ಕಳದಿಂದ ಮೇಲೆ ಇಟ್ಟರೆ ಆರುತ್ತದೆ. ಆದರೆ ಅದು ಗಾಳಿ ಬಿಗಿಯಾದ ಮುಚ್ಚಳವಲ್ಲ. ಒಳಗೆ ಸ್ಪಿರಿಟ್ ಉಳಿಸಿ ಬಟ್ಟೆಯ ಚೀಲಕ್ಕೆ ಹಾಕಬೇಡಿ.

ಎರಡು ಕ್ಯಾನಿನ ಒಲೆ

ಎರಡು ಕ್ಯಾನಿನ ತಳ, ನಡುವೆ ಒಂದು ಒಳಗೋಡೆ, ಸುತ್ತ ಸೂಜಿಯ ತೂತು. ಸ್ಪಿರಿಟ್ 78 ಡಿಗ್ರಿಗೆ ಕುದಿಯುತ್ತದೆ. ನಡುವಿನ ಬಾವಿಯಲ್ಲಿ ಹಚ್ಚಿದ ಬೆಂಕಿ ಗೋಡೆಯನ್ನು ಬಿಸಿ ಮಾಡಿದಾಗ ಎರಡು ಗೋಡೆಗಳ ಸಂದಿನಲ್ಲಿರುವ ಸ್ಪಿರಿಟ್ ಆವಿಯಾಗಿ ತೂತುಗಳಿಂದ ಹೊರಬಂದು ಹೊತ್ತಿಕೊಳ್ಳುತ್ತದೆ. ಪೂರ್ತಿ ಒಲೆ 10–12 ಗ್ರಾಂ ತೂಗುತ್ತದೆ.

66 ಮಿಲಿಮೀಟರ್ ವ್ಯಾಸದ ಸಾಮಾನ್ಯ ಕ್ಯಾನ್ ಎರಡು ತೆಗೆದುಕೊಳ್ಳಿ. ಎರಡೂ ಒಂದೇ ಅಳತೆಯವಾಗಿರಬೇಕು. ಸಪೂರ ಕ್ಯಾನ್ ಒಂದು, ದಪ್ಪದ್ದು ಒಂದು ಎಂದರೆ ಕೂಡುವುದಿಲ್ಲ. ನಗ್ಗಿದ್ದನ್ನು ಬಿಟ್ಟುಬಿಡಿ. ಕತ್ತರಿಯಿಂದ ನೇರ ಕೊಯ್ಯಲು ಯಾರಿಗೂ ಬರುವುದಿಲ್ಲ. ಒಂದು ದಪ್ಪ ಪುಸ್ತಕದ ಹಾಳೆಗಳ ನಡುವೆ ಕಟರ್ ಬ್ಲೇಡ್ ಇಟ್ಟು, ತುದಿ ಮಾತ್ರ ಹೊರಗೆ ಕಾಣುವಂತೆ ಮಾಡಿ, ಮೇಲೆ ಭಾರ ಹೇರಿ. ಕ್ಯಾನನ್ನು ಅದಕ್ಕೆ ಮೆಲ್ಲಗೆ ತಾಗಿಸಿ ಏಳೆಂಟು ಸುತ್ತು ತಿರುಗಿಸಿದರೆ ಗೆರೆ ಬೀಳುತ್ತದೆ. ಗೆರೆಯ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಟಕ್ಕನೆ ಬಿಡುತ್ತದೆ. ಒತ್ತಿ ಕೊಯ್ಯಲು ಹೋದರೆ ಬ್ಲೇಡ್ ಒಳನುಗ್ಗಿ ಅಂಚು ಹರಿಯುತ್ತದೆ, ಹರಿದ ಅಂಚಿನಿಂದ ಮುಂದೆ ಸೋರಿಕೆ ಗ್ಯಾರಂಟಿ. ಅಂಚನ್ನು ಸ್ಯಾಂಡ್‌ಪೇಪರಿನಿಂದ ಸವರಿ, ಬೆರಳು ಕೊಯ್ದುಕೊಳ್ಳುವುದು ತಪ್ಪುತ್ತದೆ.

ಕೆಳಭಾಗಕ್ಕೆ ತಳದಿಂದ 30 ಮಿಮೀ ಎತ್ತರ ಕೊಯ್ಯಿರಿ, ಮೇಲ್ಭಾಗಕ್ಕೆ ಇನ್ನೊಂದರ ತಳದಿಂದ 25 ಮಿಮೀ. ಮೇಲ್ಭಾಗದ ಕೆಲಸ ಕೊಯ್ಯುವ ಮೊದಲೇ ಮುಗಿಸಿದರೆ ಸಲೀಸು. ಕ್ಯಾನ್ ತಲೆಕೆಳಗಾಗಿಟ್ಟು, ತಳದ ಏಣಿನ ಹೊರಗಡೆಯ ಇಳಿಜಾರಿನಲ್ಲಿ ಸಮ ಅಂತರಕ್ಕೆ 16ರಿಂದ 20 ತೂತು ಹಾಕಬೇಕು. ಹೊಲಿಗೆ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಚುಚ್ಚಿ, ತೂತು ಒಂದು ಮಿಲಿಮೀಟರ್ ದಾಟಬಾರದು. ಮೊಳೆಯಿಂದ ಹೊಡೆದ ದೊಡ್ಡ ತೂತಿನಲ್ಲಿ ಒತ್ತಡ ಏಳುವುದೇ ಇಲ್ಲ, ಸೋಮಾರಿ ಹಳದಿ ಜ್ವಾಲೆ ಮಾತ್ರ. ಸಮ ಅಂತರ ಸಿಗಲು ಕಾಗದದ ಪಟ್ಟಿಯೊಂದನ್ನು ಕ್ಯಾನಿಗೆ ಸುತ್ತಿ, ಬಿಚ್ಚಿ, ನಾಲ್ಕು ಸಲ ಮಡಿಸಿ. ಮಡಿಕೆಯ ಗುರುತು ಹದಿನಾರು ಪಾಲಾಗುತ್ತದೆ. ಆಮೇಲೆ ಏಣಿನ ಒಳಗಿನ ತಗ್ಗು ಬಟ್ಟಲನ್ನು ಬ್ಲೇಡಿನಿಂದ ಸುತ್ತಲೂ ಗೀರಿ ಗೀರಿ ತೆಗೆಯಿರಿ. ಇದು ತಾಳ್ಮೆಯ ಕೆಲಸ, ತಳದ ತಗಡು ಗೋಡೆಗಿಂತ ದಪ್ಪ.

ಒಳಗೋಡೆಗೆ ಕ್ಯಾನಿನ ನಡುಭಾಗದಿಂದ 35 ಮಿಮೀ ಅಗಲ, 180 ಮಿಮೀ ಉದ್ದದ ಪಟ್ಟಿ ಕತ್ತರಿಸಿ. ಕೆಳಅಂಚಿನಲ್ಲಿ ಅವರೆಕಾಳು ಹಿಡಿಸುವಷ್ಟು ಮೂರು ಕಚ್ಚು ಹಾಕಿ. ಬಾವಿಯ ಸ್ಪಿರಿಟ್ ಸಂದಿಗೆ ಹರಿಯುವ ದಾರಿ ಇದೇ. ಪಟ್ಟಿಯನ್ನು ದುಂಡಗೆ ಸುತ್ತಿ ಕೆಳಭಾಗದ ಒಳಸುತ್ತಿನ ತಗ್ಗಿನಲ್ಲಿ ಕೂರುವಂತೆ ಅಳತೆ ನೋಡಿ, ಎರಡೂ ತುದಿಯಲ್ಲಿ ಒಂದು ಮೇಲಿಂದ, ಒಂದು ಕೆಳಗಿಂದ ಅರ್ಧ ಸೀಳಿ ಒಂದಕ್ಕೊಂದು ಸಿಕ್ಕಿಸಿ.

ಎರಡೂ ಭಾಗ ಒಂದೇ ಅಳತೆಯವಾದ್ದರಿಂದ ಒಂದರೊಳಗೆ ಒಂದು ಹೋಗುವುದಿಲ್ಲ. ಒಡೆಯದ, ತುಂಬಿದ ಕ್ಯಾನ್ ಒಂದನ್ನು ಕೆಳಭಾಗದೊಳಗೆ ಒತ್ತಿ ತಿರುಗಿಸುತ್ತ ತೆಗೆದರೆ ಅದರ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಈಗ ಮೇಲ್ಭಾಗವನ್ನು ಅದರೊಳಗೆ ಇಳಿಸಿ, ಒಳಗೋಡೆಯ ಮೇಲಂಚು ಮೇಲ್ಭಾಗದ ಏಣಿನೊಳಗೆ ಕೂತದ್ದು ನೋಡಿಕೊಂಡು, ಎರಡು ಹಲಗೆಯ ನಡುವೆ ಇಟ್ಟು ನಿಧಾನಕ್ಕೆ ಒತ್ತಿ. ಒಂದು ಕಡೆ ಮಡಿಚಿಕೊಂಡರೆ ಸುತ್ತಿಗೆ ತರಬೇಡಿ, ಬಿಡಿಸಿ ಮತ್ತೆ ಬಾಯಿ ಅಗಲಿಸಿ. ಎಂ-ಸೀಲ್ ಬಳಿದು ಸಂದು ಮುಚ್ಚುವ ಉಪಾಯ ಹಲವರು ಹೇಳುತ್ತಾರೆ. ಎರಡನೇ ಉರಿಗೇ ಅದು ಕಪ್ಪಾಗಿ ಉದುರುತ್ತದೆ. ಬಿಗಿಯಾಗಿ ಕೂತರೆ ಯಾವ ಅಂಟೂ ಬೇಡ.

ಮೊದಲ ಉರಿ ಅಂಗಳದಲ್ಲಿ, ಪಾತ್ರೆ ಇಡದೆ. ಕ್ಯಾನಿನ ಒಳಬದಿಯ ಲೇಪ, ಹೊರಗಿನ ಬಣ್ಣ ಸುಟ್ಟು ನಾತ ಬರುತ್ತದೆ, ಅದು ಚಾಕ್ಕೆ ಸೇರಬಾರದು. 15 ಮಿಲಿ ಹಾಕಿ ಹಚ್ಚಿ. ಮೊದಲ ಅರ್ಧ ನಿಮಿಷ ನಡುವೆ ಮಾತ್ರ ಉರಿ ಇರುತ್ತದೆ, ಆಮೇಲೆ ತೂತುಗಳು ಒಂದೊಂದಾಗಿ ಹೊತ್ತಿಕೊಂಡು ಸುತ್ತಲೂ ನೀಲಿ ಮೊಗ್ಗು ನಿಲ್ಲುತ್ತದೆ. ಪಾತ್ರೆ ಇಡುವುದು ಆಗ. ಅವಸರಕ್ಕೆ ಮೊದಲೇ ಇಟ್ಟರೆ ತಣ್ಣನೆಯ ತಳ ಶಾಖ ಹೀರಿ ತೂತು ಹೊತ್ತುವುದೇ ಇಲ್ಲ.

ಹೊತ್ತದಿದ್ದರೆ ಸಂದಿನ ಅಂಚು ನೋಡಿ. ಅಲ್ಲಿ ಬೆಂಕಿ ನೆಕ್ಕುತ್ತಿದ್ದರೆ ಸೋರಿಕೆ, ಆವಿ ಅಲ್ಲಿಂದಲೇ ಹೋಗುತ್ತಿದೆ. ಅಂಚು ಸರಿಯಿದ್ದರೆ ಒಳಗೋಡೆಯ ಕಚ್ಚು ಮುಚ್ಚಿಹೋಗಿರಬಹುದು. ಎರಡೂ ಸರಿಯಿದ್ದು ಹೊತ್ತದಿದ್ದರೆ ಒಲೆ ಒದ್ದೆ ಮರಳ ಮೇಲೆ ಕೂತಿರುತ್ತದೆ, ತಳದಿಂದ ಶಾಖ ಸೋರುತ್ತಿರುತ್ತದೆ. ಅಡಿಕೆ ಹಾಳೆಯ ಅಂಗೈ ಅಗಲದ ತುಂಡಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿದ ಅಡಿಹಲಗೆ ಇದಕ್ಕೆ ಮದ್ದು. ಮರಳಿನಲ್ಲಿ ಕಾಲು ಹೂತು ಪಾತ್ರೆ ವಾಲುವುದೂ ಇದರಿಂದ ತಪ್ಪುತ್ತದೆ.

ಪಾತ್ರೆಗೆ ಕಾಲು ಬೇಕು. ಒಲೆಯ ಬಾಯಿಗೂ ಪಾತ್ರೆಯ ತಳಕ್ಕೂ 30 ಮಿಮೀ ಅಂತರ ಸರಿಯಾದದ್ದು. ಹತ್ತಿರ ತಂದರೆ ಗಾಳಿ ಸಾಲದೆ ಹಳದಿ ಜ್ವಾಲೆ ಪಾತ್ರೆಯ ಬದಿ ಹತ್ತುತ್ತದೆ, ದೂರ ಮಾಡಿದರೆ ಶಾಖ ಪೋಲು. ಅರ್ಧ ಇಂಚಿನ ಕಣ್ಣಿನ ವೆಲ್ಡ್‌ಮೆಶ್ (ಬೆಸೆದ ತಂತಿಜಾಲರಿ) ಐದು ಕಣ್ಣು ಎತ್ತರ, 30 ಸೆಂಮೀ ಉದ್ದ ಕತ್ತರಿಸಿ, ಕೆಳಗೆ ಅರ್ಧ ಕಣ್ಣಿನಷ್ಟು ತಂತಿ ಬಿಟ್ಟು, ದುಂಡಗೆ ಸುತ್ತಿ ಬೈಂಡಿಂಗ್ ವೈರಿನಿಂದ ಕಟ್ಟಿದರೆ ಒಲೆ ಸೇರಿ ಎತ್ತರದ ಲೆಕ್ಕ ಸರಿಹೋಗುತ್ತದೆ. ಮೆಶ್ ಮೇಲೆ ಸತುವಿನ ಲೇಪ ಇರುತ್ತದೆ, ಕೆಂಪಗೆ ಕಾದರೆ ಅದರ ಹೊಗೆ ಕೆಟ್ಟದ್ದು. ಬಯಲಿನಲ್ಲಿ ಒಮ್ಮೆ ಚೆನ್ನಾಗಿ ಸುಟ್ಟುಕೊಂಡು ಬಳಸಿ. ಸೈಕಲ್ ಅಂಗಡಿಯ ಹಳೆಯ ಸ್ಟೇನ್‌ಲೆಸ್ ಕಡ್ಡಿ ಮೂರು ಬಗ್ಗಿಸಿ ಮಾಡಿದ ಮುಕ್ಕಾಲಿ ಇನ್ನೂ ವಾಸಿ.

ಉರಿಯುತ್ತಿರುವ ಒಲೆಗೆ ಸ್ಪಿರಿಟ್ ಸುರಿಯಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಿಸಿಲಿನಲ್ಲಿ ಈ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ, ಆರಿದೆ ಎಂದುಕೊಂಡು ಬಾಟಲಿ ಬಗ್ಗಿಸಿದರೆ ಬೆಂಕಿ ಧಾರೆ ಹಿಡಿದು ಬಾಟಲಿಗೇ ಏರುತ್ತದೆ. ಒಣ ಕಡ್ಡಿಯೊಂದನ್ನು ಒಲೆಯ ಮೇಲೆ ಹಿಡಿದು ನೋಡಿ, ಹೊತ್ತದಿದ್ದರೆ ಆರಿದೆ ಎಂದರ್ಥ. ಆಮೇಲೂ ಒಲೆ ಕೈಗೆ ತಣ್ಣಗಾಗುವವರೆಗೆ ಕಾಯಿರಿ. ಊದಿ ಆರಿಸುವುದೂ ಬೇಡ, ದೊಡ್ಡ ತಗಡಿನ ಡಬ್ಬಿ ಕವುಚಿ ಹಾಕಿ. ಟೆಂಟಿನೊಳಗೆ ಹಚ್ಚುವ ಮಾತೇ ಇಲ್ಲ. ನೈಲಾನ್ ಕರಗಿ ಮೈಗೆ ಅಂಟುತ್ತದೆ, ಕಾರ್ಬನ್ ಮೊನಾಕ್ಸೈಡ್ ಸದ್ದಿಲ್ಲದೆ ತುಂಬುತ್ತದೆ.

ಗಾಳಿಮರೆ

ನಮ್ಮ ತೀರದಲ್ಲಿ ಗಾಳಿಗೆ ವೇಳಾಪಟ್ಟಿ ಇದೆ. ಮಳೆಗಾಲ ಮುಗಿದ ಮೇಲೆ, ಬಿಸಿಲೇರಿ ನೆಲ ಕಾದಂತೆ ಕಡಲಿನಿಂದ ಗಾಳಿ ಏಳುತ್ತದೆ, ಮಧ್ಯಾಹ್ನ ಎರಡರಿಂದ ಐದರ ನಡುವೆ ಅದರ ಜೋರು. ಹೊತ್ತು ಮುಳುಗಿದ ಮೇಲೆ ಸ್ವಲ್ಪ ಹೊತ್ತು ನಿಂತು, ರಾತ್ರಿಯಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ತೆಳ್ಳಗೆ ಬೀಸುತ್ತದೆ. ಬೆಳಗಿನ ಚಾಕ್ಕೆ ಬೆನ್ನು ಪೂರ್ವಕ್ಕೆ, ಸಂಜೆಯ ಚಾಕ್ಕೆ ಪಶ್ಚಿಮಕ್ಕೆ ಮಾಡಿ ಕೂರಬೇಕು. ಸಂಜೆ ಒಲೆ ಹಚ್ಚುವ ಜಾಗದಲ್ಲಿ ಬೆಳಿಗ್ಗೆಯೂ ಹಚ್ಚಿ, ಮರೆಯ ಬಾಯಿ ಹಾಗೇ ಬಿಟ್ಟರೆ ಗಾಳಿ ಸೀದಾ ಒಳಗೆ ಬರುತ್ತದೆ.

ಮರೆಯನ್ನು 500 ಮಿಲಿಯ ಬಿಯರ್ ಕ್ಯಾನಿನಿಂದ ಮಾಡಬಹುದು. ತಲೆ ಮತ್ತು ತಳ ತೆಗೆದು ಬಿಚ್ಚಿದರೆ ಒಂದೊಂದರಿಂದ 207 ಮಿಮೀ ಉದ್ದ, 12 ಸೆಂಮೀ ಎತ್ತರದ ಹಾಳೆ ಬರುತ್ತದೆ. ಬೇಕಾದ ಉದ್ದ ಪಾತ್ರೆಯಿಂದ ಗೊತ್ತಾಗುತ್ತದೆ. ಪಾತ್ರೆಯ ಸುತ್ತ ಎಲ್ಲ ಕಡೆ ಒಂದು ಸೆಂಟಿಮೀಟರ್ ಸಂದು ಬಿಡಬೇಕು. 14 ಸೆಂಮೀ ಅಗಲದ ಪಾತ್ರೆಗೆ ಮರೆಯ ವ್ಯಾಸ 16 ಸೆಂಮೀ, ಸುತ್ತಳತೆ ಸುಮಾರು 50 ಸೆಂಮೀ. ಮೂರು ಹಾಳೆಗಳ ಅಂಚನ್ನು ಒಂದು ಸೆಂಟಿಮೀಟರ್ ಕೊಕ್ಕೆಯಂತೆ ಮಡಿಸಿ, ಒಂದಕ್ಕೊಂದು ಸಿಕ್ಕಿಸಿ ತಟ್ಟಿದರೆ 56 ಸೆಂಮೀ ಬರುತ್ತದೆ. ಮಿಕ್ಕದ್ದು ಮೇಲೆ ಮೇಲೆ ಬರಲಿ, ಎರಡು ಪೇಪರ್ ಕ್ಲಿಪ್ ಹಾಕಿ. ಮೇಲಿನ, ಕೆಳಗಿನ ಅಂಚನ್ನು ಅರ್ಧ ಸೆಂಟಿಮೀಟರ್ ಒಳಕ್ಕೆ ಮಡಿಸದಿದ್ದರೆ ಕೈ ಕೊಯ್ಯುತ್ತದೆ, ಮರೆಯೂ ಗಾಳಿಗೆ ಬಳುಕುತ್ತದೆ.

ಕೆಳಗೆ ಉಸಿರಾಡಲು ತೂತು ಬೇಕು. ಆಫೀಸಿನ ಪೇಪರ್ ಪಂಚಿನಿಂದ ಕೆಳಅಂಚಿನ ಅರ್ಧ ಸುತ್ತಿಗೆ ಮಾತ್ರ ಹದಿನೈದಿಪ್ಪತ್ತು ತೂತು ಒತ್ತಿ. ತೂತಿನ ಅರ್ಧ ಯಾವಾಗಲೂ ಗಾಳಿ ಬರುವ ದಿಕ್ಕಿಗೆ ಬೆನ್ನಾಗಿರಬೇಕು. ಸುತ್ತಲೂ ತೂತು ಹೊಡೆದವರು ಮರೆ ಮಾಡಿದಂತಾಗಲಿಲ್ಲ. ಹಾಗೆಂದು ಪಾತ್ರೆಗೆ ತಾಗುವಷ್ಟು ಬಿಗಿ ಮಾಡಿದರೆ ಇನ್ನೊಂದು ತೊಂದರೆ: ಹೊರಹೋಗದ ಶಾಖ ಒಲೆಗೇ ಮರಳಿ, ಸ್ಪಿರಿಟ್ ಕೊತಕೊತ ಕುದಿದು ಜ್ವಾಲೆ ಮೊಳ ಉದ್ದ ಏಳುತ್ತದೆ. ಹಾಗೆ ಎದ್ದರೆ ಮರೆಯನ್ನು ಇಕ್ಕಳದಿಂದ ಒಂದು ಬದಿ ಬಿಚ್ಚಿ, ತಾನೇ ತಗ್ಗುತ್ತದೆ. ಈ ಬಗೆಯ ಸುತ್ತುಮರೆಯನ್ನು ಗ್ಯಾಸ್ ಕ್ಯಾನಿಸ್ಟರಿನ ಮೇಲೆ ಕೂರುವ ಒಲೆಗೆ ಬಳಸಲೇಬಾರದು, ಕ್ಯಾನಿಸ್ಟರ್ ಕಾದು ಸಿಡಿಯುತ್ತದೆ.

ಪಾತ್ರೆ ಅಗಲ ತಳದ್ದಾಗಿರಲಿ, ಮುಚ್ಚಳವಿರಲಿ. ಮನೆಯ ಕುಚ್ಚಲಕ್ಕಿಯನ್ನು ಸ್ಪಿರಿಟ್ ಒಲೆಯಲ್ಲಿ ಬೇಯಿಸುತ್ತೇನೆ ಎನ್ನುವವರಿಗೆ ಕೈ ಮುಗಿಯಬೇಕು, ಮುಕ್ಕಾಲು ಗಂಟೆಯ ಉರಿಗೆ ಬಾಟಲಿಯೇ ಸಾಲದು. ಬೆಳ್ತಿಗೆ ಅಕ್ಕಿ 100 ಗ್ರಾಂ ಅರ್ಧ ಗಂಟೆ ನೆನೆಸಿ, 200 ಮಿಲಿ ನೀರಿನಲ್ಲಿ ಕುದಿ ಬಂದ ಮೇಲೆ ಎರಡು ಮೂರು ನಿಮಿಷ ಬಿಟ್ಟು, ಮುಚ್ಚಳ ತೆರೆಯದೆ ದಪ್ಪ ಟವೆಲಿನಲ್ಲಿ ಸುತ್ತಿಟ್ಟರೆ 20–25 ನಿಮಿಷಕ್ಕೆ ಅನ್ನ ಆಗುತ್ತದೆ.

ಗೆರಟೆ ಒಲೆ

ಎರಡು ತಗಡಿನ ಡಬ್ಬಿ, ಒಂದರೊಳಗೊಂದು. ಹೊರಗಿನದು ಒಂದು ಕಿಲೋ ರಸಗುಲ್ಲಾ ಡಬ್ಬಿ, ಸುಮಾರು 100 ಮಿಮೀ ಅಗಲ, 120 ಎತ್ತರ. ಒಳಗಿನದು ಮಿಲ್ಕ್‌ಮೇಡ್ ಡಬ್ಬಿ, ಸುಮಾರು 73 ಅಗಲ, 80 ಎತ್ತರ. ಹೊರಡಬ್ಬಿಯನ್ನು ಬೋರಲು ಹಾಕಿ. ಈಗ ಮೇಲೆ ಬಂದ ತಳದಲ್ಲಿ ಒಳಡಬ್ಬಿಯ ಮೈ ಬಿಗಿಯಾಗಿ ಇಳಿದು, ಕಂಠದ ಉಬ್ಬು ಮಾತ್ರ ತಡೆದು ನಿಲ್ಲುವಂತೆ ದುಂಡಗೆ ಕೊಯ್ಯಬೇಕು. ಗುರುತಿನ ಗೆರೆಯಿಂದ ಎರಡು ಮಿಮೀ ಒಳಗೇ ಕೊಯ್ದು, ಸುತ್ತ ಸಣ್ಣ ಸೀಳು ಹಾಕಿ ಒಳಕ್ಕೆ ಬಗ್ಗಿಸಿದರೆ ಹಿಡಿತ ಚೆನ್ನಾಗಿ ಬರುತ್ತದೆ. ಇಲ್ಲಿ ಸಡಿಲವಾದರೆ ಗಾಳಿ ಮೇಲಿನ ತೂತಿಗೆ ಹೋಗದೆ ಸಂದಿನಿಂದಲೇ ಹೊರಬೀಳುತ್ತದೆ.

ಒಳಡಬ್ಬಿಯ ತಳಕ್ಕೆ 4 ಮಿಮೀ ತೂತು 25. ಕಂಠದಿಂದ 12 ಮಿಮೀ ಕೆಳಗೆ ಒಂದೇ ಸಾಲಿನಲ್ಲಿ 6 ಮಿಮೀ ತೂತು 16. ಹೊರಡಬ್ಬಿಯ ನೆಲದ ಕಡೆಯ ಅಂಚಿನಿಂದ ಎರಡು ಬೆರಳು ಮೇಲೆ 12 ಮಿಮೀ ತೂತು ಹತ್ತು. ಮೊಳೆ ಹೊಡೆಯುವಾಗ ಡಬ್ಬಿಯೊಳಗೆ ಮರದ ತುಂಡು ತುರುಕಿಟ್ಟರೆ ಮೈ ನಗ್ಗುವುದಿಲ್ಲ. ಪಾತ್ರೆಗೆ ಮೂರು ಸೆಂಟಿಮೀಟರ್ ಎತ್ತರದ ಮೆಶ್ ಬಳೆ ಬೇಕು, ಪಾತ್ರೆಯನ್ನು ನೇರ ಡಬ್ಬಿಯ ಬಾಯಿಗಿಟ್ಟರೆ ಉಸಿರುಗಟ್ಟಿ ಹೊಗೆ ಕಾರುತ್ತದೆ.

ಇದನ್ನು ಹಚ್ಚುವುದು ಮೇಲಿನಿಂದ. ಗೆರಟೆಯನ್ನು ಹೆಬ್ಬೆರಳ ಉಗುರಿನಷ್ಟು ಚೂರು ಮಾಡಿ, ಮೇಲಿನ ತೂತಿನ ಸಾಲಿಗಿಂತ ಒಂದು ಬೆರಳು ಕೆಳಗಿನವರೆಗೆ ತುಂಬಿ. 110 ಗ್ರಾಮಿನಷ್ಟು ಹಿಡಿಯುತ್ತದೆ. ಮೇಲೆ ಒಂದು ಹಿಡಿ ತೆಂಗಿನ ನಾರು, ಎರಡು ಕರ್ಪೂರದ ಬಿಲ್ಲೆ. ಬೆಂಕಿ ನಿಧಾನಕ್ಕೆ ಕೆಳಗಿಳಿಯುತ್ತದೆ, ಕಾದ ಗೆರಟೆ ಬಿಡುವ ಹೊಗೆ ಕೆಂಡದ ಪದರ ದಾಟಿ ಮೇಲೆ ಬಂದು, ಮೇಲಿನ ತೂತಿನಿಂದ ನುಗ್ಗುವ ಬಿಸಿಗಾಳಿಗೆ ಸಿಕ್ಕಿ ಹೊತ್ತಿಕೊಳ್ಳುತ್ತದೆ. ಸರಿಯಾಗಿ ಹಿಡಿದಾಗ ತೂತುಗಳಿಂದಲೇ ಜ್ವಾಲೆ ಒಳಮುಖವಾಗಿ ಬರುವಂತೆ ಕಾಣುತ್ತದೆ, ಹೊಗೆ ಇರುವುದಿಲ್ಲ. ಒಂದು ಸಲ ತುಂಬಿದ್ದಕ್ಕೆ ಒಂದು ಲೀಟರ್ ನೀರು ಕುದಿಯುತ್ತದೆ.

ನಡುವೆ ಕಟ್ಟಿಗೆ ತುರುಕಿದರೆ ಈ ವ್ಯವಸ್ಥೆ ಕೆಟ್ಟು ಸಾಮಾನ್ಯ ಹೊಗೆಯ ಒಲೆಯಾಗುತ್ತದೆ. ಗಾಳಿ ಬೀಸಿ ಜ್ವಾಲೆ ಹಾರಿಹೋಗಿ ಬಿಳಿ ದಟ್ಟ ಹೊಗೆ ಎದ್ದರೆ ಉರಿಯುವ ಕಡ್ಡಿಯೊಂದನ್ನು ಮೇಲೆ ಹಿಡಿಯಿರಿ, ಭಗ್ಗನೆ ಮತ್ತೆ ಹೊತ್ತುತ್ತದೆ. ಮುಖ ದೂರ ಇಟ್ಟುಕೊಂಡು ಮಾಡಿ.

ಉರುವಲಿನಲ್ಲಿ ಗೆರಟೆಗೆ ಮೊದಲ ಸ್ಥಾನ. ಅಟ್ಟದ ಮೇಲಿಟ್ಟದ್ದಾದರೆ ಜುಲೈ ಮಳೆಯಲ್ಲೂ ಒಣಗಿರುತ್ತದೆ. ತೀರದ ಗಾಳಿಮರದ ಒಣ ರೆಂಬೆ, ಕಾಯಿ ಎರಡೂ ಒಳ್ಳೆಯವು. ಅಡಿಕೆ ಸಿಪ್ಪೆ ಹೊತ್ತಿಸಲು ಸರಿ, ತುಂಬಲು ಅಲ್ಲ: ನಾರು ಕುಸಿದು ತಳದ ತೂತು ಕಟ್ಟುತ್ತದೆ. ಮರದ ಹೊಟ್ಟಿನದೂ ಅದೇ ಹಣೆಬರಹ. ಗೇರುಬೀಜದ ಸಿಪ್ಪೆ ಕುಮಟಾ, ಹೊನ್ನಾವರದ ಕಡೆ ಬಿಟ್ಟಿ ಸಿಕ್ಕರೂ ಬೇಡ, ಅದರ ಎಣ್ಣೆಯ ಹೊಗೆ ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಶಿರಸಿ ಕಡೆ ಕಾಡಂಚಿನಲ್ಲಿ ಗುರುತು ಸಿಗದ ಕಟ್ಟಿಗೆ ಮುಟ್ಟದಿರುವುದು ಕ್ಷೇಮ, ಹೊಳಗೇರು ಎಂಬ ಮರದ ಸೊನೆ ತಾಗಿದರೆ ಬೊಬ್ಬೆ ಏಳುತ್ತದೆ. ಕಡಲು ತಂದು ಹಾಕಿದ ಕಟ್ಟಿಗೆಯಲ್ಲಿ ಉಪ್ಪು ತುಂಬಿರುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ, ಡಬ್ಬಿಯೂ ಬೇಗ ತೂತಾಗುತ್ತದೆ. ಅಘನಾಶಿನಿ ಅಳಿವೆಯ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳಿಗೆ ಕತ್ತಿ ಹಾಕಬೇಡಿ.

ಎಲ್ಲಿ ಹಚ್ಚಬಹುದು ಎಂಬುದನ್ನೂ ನೋಡಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ, ಮೀಸಲು ಅರಣ್ಯ, ಇವುಗಳ ಒಳಗೆ ಸ್ಪಿರಿಟ್ ಒಲೆಯೂ ಬೇಡ, ಗೆರಟೆ ಒಲೆಯೂ ಬೇಡ. ಯಾಣದ ದಾರಿಗೆ ಅವಲಕ್ಕಿ, ಬೆಲ್ಲ, ಕಾಯಿತುರಿ ಕಟ್ಟಿಕೊಂಡು ಹೋದರೆ ಆಯಿತು. ಜನವರಿಯಿಂದ ಮೊದಲ ಮಳೆಯವರೆಗೆ ದರಕು (ಒಣ ಎಲೆ) ಬಿದ್ದ ತೋಟದಲ್ಲೂ ನೆಲ ಗುಡಿಸಿ, ಕೈಯಳತೆಯಲ್ಲಿ ಒಂದು ಕೊಡ ನೀರಿಟ್ಟುಕೊಂಡೇ ಹಚ್ಚಬೇಕು.

ಜ್ವಾಲೆ ಇಳಿದ ಮೇಲೆ ತಳದಲ್ಲಿ ಕೆಂಡ ಉಳಿಯುತ್ತದೆ, ಹತ್ತು ನಿಮಿಷ ಗಂಜಿ ಬಿಸಿ ಇಡಲು ಸಾಕು. ಅದನ್ನು ಮರಳಿನಲ್ಲಿ ಹೂಳಬಾರದು. ಮೇಲೆ ತಣ್ಣಗೆ ಕಂಡರೂ ಒಳಗೆ ಗಂಟೆಗಟ್ಟಲೆ ಕಾವಿರುತ್ತದೆ, ಬರಿಗಾಲಲ್ಲಿ ಓಡುವ ಮಕ್ಕಳು ಅದರ ಮೇಲೇ ಕಾಲಿಡುತ್ತಾರೆ. ನೀರು ಹೊಯ್ದು ಕೈಯಿಂದ ಮುಟ್ಟಿ ನೋಡಿ, ಇದ್ದಿಲನ್ನು ಮನೆಗೆ ತನ್ನಿ, ಮುಂದಿನ ಸಲ ಹೊತ್ತಿಸಲು ಬರುತ್ತದೆ.

ಡಬ್ಬಿಯ ತವರದ ಲೇಪ 232 ಡಿಗ್ರಿಗೇ ಕರಗುತ್ತದೆ, ಮೊದಲ ಉರಿಯಲ್ಲೇ ಹೋಗಿಬಿಡುತ್ತದೆ. ಉಳಿಯುವುದು ಬರಿಯ ಕಬ್ಬಿಣದ ತಗಡು, ಕಾರವಾರದ ಉಪ್ಪುಗಾಳಿಗೆ ಒಂದೇ ವಾರದಲ್ಲಿ ಕೆಂಪು ಹಿಡಿಯುತ್ತದೆ. ಪ್ರತಿ ಸಲ ಬೂದಿ ಕೊಡವಿ, ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ತೆಂಗಿನೆಣ್ಣೆ ಸವರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಡಬ್ಬಿ ಒಂದು ಚಳಿಗಾಲ ದಾಟುತ್ತದೆ. ತಳದ ತೂತುಗಳು ಒಂದಕ್ಕೊಂದು ಕೂಡಿಕೊಂಡು ಗೆರಟೆ ಕೆಳಗೆ ಉದುರತೊಡಗಿದಾಗ ಒಳಡಬ್ಬಿ ಮಾತ್ರ ಬದಲಿಸಿ, ಹೊರಗಿನದು ಇನ್ನೆರಡಕ್ಕೆ ಬರುತ್ತದೆ.